ಏಪ್ರಿಲ್ ರಾತ್ರಿಯ ಸೆಕೆ, ಜುಲೈ ತಿಂಗಳ ಟೊಮೆಟೊ ದರ

ಮಾನ್ಯ ಸಂಪಾದಕರೇ,

ಬೇಸಿಗೆ ಏರಿತೆಂದರೆ ಪತ್ರಿಕೆಗಳಲ್ಲಿ ಗರಿಷ್ಠ ಉಷ್ಣಾಂಶ ದಪ್ಪ ಅಕ್ಷರದಲ್ಲಿ ಬರುತ್ತದೆ: ಕಲಬುರಗಿ ಇಷ್ಟು, ರಾಯಚೂರು ಇಷ್ಟು, ಬೆಂಗಳೂರು ಇಷ್ಟು. ಛತ್ರಿ ಹಿಡಿದವರ ಫೋಟೊ, ಕಲ್ಲಂಗಡಿ ರಾಶಿಯ ಫೋಟೊ ಜೊತೆಗಿರುತ್ತದೆ. ಎರಡು ತಿಂಗಳು ಕಳೆದ ಮೇಲೆ ಅದೇ ಪುಟದಲ್ಲಿ ಟೊಮೆಟೊ ನೂರು ದಾಟಿತು, ಬೀನ್ಸ್ ಮುಟ್ಟುವಂತಿಲ್ಲ ಎಂಬ ಸುದ್ದಿ. ಕಾರಣ ಕೇಳಿದರೆ ‘ಮಳೆಯಿಂದ ಪೂರೈಕೆ ಕುಸಿತ’ ಎಂಬ ಒಂದು ಸಾಲು. ಮಳೆಯ ಪಾತ್ರ ಇಲ್ಲವೆಂದಲ್ಲ. ಆದರೆ ಜುಲೈನಲ್ಲಿ ಮಂಡಿಗೆ ಬಾರದ ಟೊಮೆಟೊ ಕೆಡುವುದು ಬಹುಪಾಲು ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ. ಅದನ್ನು ಮುಂಚೆಯೇ ಓದಿಕೊಳ್ಳಲು ಬೇಕಾದ ಅಂಕಿ ನಿಮ್ಮ ಪತ್ರಿಕೆಯಲ್ಲೇ ದಿನವೂ ಅಚ್ಚಾಗುತ್ತದೆ. ಗರಿಷ್ಠದ ಪಕ್ಕ, ಸಣ್ಣ ಅಕ್ಷರದಲ್ಲಿ, ಕನಿಷ್ಠ ಉಷ್ಣಾಂಶ ಎಂದು.

ಟೊಮೆಟೊ ಗಿಡ ಹಗಲಿನ ಬಿಸಿಲನ್ನು ಒಂದು ಮಟ್ಟದವರೆಗೆ ತಡೆಯುತ್ತದೆ, ಬೇರಿಗೆ ನೀರಿದ್ದು ರಾತ್ರಿ ತಂಪಾದರೆ ಸಾಕು. ರಾತ್ರಿ 18ರಿಂದ 20 ಡಿಗ್ರಿಗೆ ಇಳಿದರೆ ಹೂವು ಕಾಯಿ ಕಚ್ಚುತ್ತದೆ. ರಾತ್ರಿಯೂ 24 ದಾಟಿ ಹಲವು ದಿನ ಹಾಗೇ ನಿಂತಿತು, ಹಗಲು 35 ಮೀರಿತು ಎಂದಾದರೆ ಪರಾಗ ಸತ್ತ ಹಿಟ್ಟಿನಂತಾಗುತ್ತದೆ. ಹೂವು ಅರಳುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ, ಮೂರನೇ ದಿನ ತೊಟ್ಟಿನ ಗಂಟಿನಲ್ಲಿ ಹಳದಿಯಾಗಿ ಉದುರುತ್ತದೆ. ಪರಾಗ ರೂಪುಗೊಳ್ಳುವುದು ಹೂವು ಅರಳುವುದಕ್ಕೆ ಎಂಟು ಹತ್ತು ದಿನ ಮುಂಚೆ, ಮೊಗ್ಗಿನೊಳಗೆ. ಹೀಗಾಗಿ ಇವತ್ತು ಉದುರಿದ ಹೂವು ಹೋದ ವಾರದ ಸೆಕೆಯ ಫಲ. ಉದುರಲು ಶುರುವಾದ ಮೇಲೆ ಹಾರ್ಮೋನಿಗಾಗಿ ಅಂಗಡಿಗೆ ಓಡುವುದರಿಂದ ಅರ್ಧ ಕೆಲಸವಷ್ಟೇ ಆಗುತ್ತದೆ. ಎನ್‌ಎಎ ಎಂಬ ಸಸ್ಯ ಹಾರ್ಮೋನಿನ ಶೇ 4.5ರ ದ್ರಾವಣವನ್ನು 4.5 ಲೀಟರ್ ನೀರಿಗೆ 1 ಮಿ.ಲೀ. ಲೆಕ್ಕದಲ್ಲಿ ಸಿಂಪಡಿಸಿದರೆ ತೊಟ್ಟು ಕಳಚುವುದು ತಡವಾಗುತ್ತದೆ, ಆದರೆ ಸತ್ತ ಪರಾಗ ಬದುಕುವುದಿಲ್ಲ. ಪ್ರಮಾಣ ದುಪ್ಪಟ್ಟು ಮಾಡಿದರೆ ಎಲೆ ತಿರುಚಿಕೊಂಡು ಇದ್ದದ್ದೂ ಹೋಗುತ್ತದೆ.

ಕಚ್ಚಿದ ಕಾಯಿಗೂ ಸುಖವಿಲ್ಲ. ಕೆಂಪು ಬಣ್ಣ ಕೊಡುವ ಲೈಕೋಪಿನ್ 30–32 ಡಿಗ್ರಿ ಮೀರಿದರೆ ಸರಿಯಾಗಿ ಕೂಡುವುದಿಲ್ಲ, ಹಣ್ಣು ಕಿತ್ತಳೆ ಹಳದಿಯಲ್ಲೇ ನಿಂತುಬಿಡುತ್ತದೆ. ಮಂಡಿಯಲ್ಲಿ ‘ಕಲರ್ ಇಲ್ಲ’ ಎಂದು ಬಾಕ್ಸಿನ ಬೆಲೆ ಇಳಿಸುವುದು ಇದಕ್ಕೇ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವ ನೀರು ಕೊಟ್ಟರೆ ಕಾಯಿಯ ತಳ ಕಪ್ಪಾಗಿ ಕುಳಿ ಬೀಳುತ್ತದೆ. ಅದು ರೋಗವಲ್ಲ, ಸುಣ್ಣದಂಶ ಕಾಯಿಯ ತುದಿಯವರೆಗೆ ತಲುಪದ್ದು. ಕ್ಯಾಲ್ಸಿಯಂ ನೀರಿನ ಜೊತೆಯಲ್ಲೇ ಮೇಲೇರಬೇಕು, ನೀರಿನ ಹರಿವು ತುಂಡಾದರೆ ಅದೂ ತುಂಡಾಗುತ್ತದೆ. ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಸಂಜೆ ಸಿಂಪಡಿಸಬಹುದು. ಅದಕ್ಕಿಂತ ಮುಖ್ಯ, ಆ ವಾರ ಯೂರಿಯಾ ನಿಲ್ಲಿಸಿ ದಿನವೂ ಒಂದೇ ಅಳತೆಯ ನೀರು ಕೊಡುವುದು.

ನೀರಿನ ಲೆಕ್ಕ ಹೀಗಿದೆ. ನಾಲ್ಕು ಅಡಿ ಸಾಲು, ಎರಡು ಅಡಿ ಗಿಡ ಎಂದರೆ ಎಕರೆಗೆ ಸುಮಾರು 5,400 ಗಿಡ. ಕಾಯಿ ತುಂಬುವ ಹೊತ್ತಿನಲ್ಲಿ ಬೇಸಿಗೆಯ ದಿನಕ್ಕೆ ಗಿಡಕ್ಕೆ 2 ಲೀಟರ್ ಬೇಕು, ಅಂದರೆ ಹತ್ತಿರ ಹನ್ನೊಂದು ಸಾವಿರ ಲೀಟರ್. ಗಂಟೆಗೆ 2,000 ಲೀಟರ್ ಕೊಡುವ ಕೊಳವೆಬಾವಿಯಾದರೆ ಐದೂವರೆ ಗಂಟೆ. ತ್ರೀಫೇಸ್ ಕರೆಂಟು ಏಳು ಗಂಟೆ ಸಿಕ್ಕಿದರೂ ಅದು ಒಂದೇ ಎಕರೆಯ ಬಾಳು. ಏಪ್ರಿಲ್ ಹೊತ್ತಿಗೆ ಬಾವಿಯ ನೀರು ಅರ್ಧಕ್ಕೆ ಇಳಿದರೆ ಒಂದೆಕರೆ ನಾಟಿ ಮಾಡಬೇಕಿದ್ದವರು ಅರ್ಧ ಎಕರೆಗೆ ಇಳಿಯುತ್ತಾರೆ. ಬೆಲೆ ಏರಿಕೆಯ ಮೊದಲ ಹೆಜ್ಜೆ ಇದೇ. ಅದು ಯಾವ ಸುದ್ದಿಯಲ್ಲೂ ಕಾಣುವುದಿಲ್ಲ, ಏಕೆಂದರೆ ಹಾಳಾದದ್ದು ಏನೂ ಇಲ್ಲ, ನಾಟಿಯಾಗದೆ ಉಳಿದದ್ದು ಮಾತ್ರ.

ಪ್ಲಾಸ್ಟಿಕ್ ಹೊದಿಕೆಯಿಂದ ನೀರು ಉಳಿಯುತ್ತದೆ ಎಂದು ಎಲ್ಲರೂ ಹಾಕುತ್ತಾರೆ, ಹಾಕುವ ಕ್ರಮದಲ್ಲಿ ಎಡವುತ್ತಾರೆ. ಬೇಸಿಗೆ ನಾಟಿಗೆ 25–30 ಮೈಕ್ರಾನಿನ ಬೆಳ್ಳಿ–ಕಪ್ಪು ಹಾಳೆಯ ಬೆಳ್ಳಿ ಮುಖ ಮೇಲಿರಬೇಕು. ಅದು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಆ ಮಿನುಗಿಗೆ ಬಿಳಿನೊಣ, ಥ್ರಿಪ್ಸ್‌ನಂಥ ರಸ ಹೀರುವ ಕೀಟಗಳು ಎಲೆ ಮೇಲೆ ಕೂರಲು ಹಿಂಜರಿಯುತ್ತವೆ. ತೂತು ಚಿಕ್ಕದಾದರೆ ಹಾಳೆಯಡಿಯ ಬಿಸಿಗಾಳಿ ಹೊಗೆಕೊಳವೆಯಂತೆ ಆ ಒಂದು ತೂತಿನಿಂದಲೇ ನುಗ್ಗಿ ಎಳೆಸಸಿಯ ಕತ್ತು ಸುಡುತ್ತದೆ. ಎರಡೂವರೆ ಮೂರು ಇಂಚು ಅಗಲ ಕತ್ತರಿಸಿ, ಸಸಿಯ ಸುತ್ತ ಒಂದು ಹಿಡಿ ಮಣ್ಣು ಏರಿಸಿ, ಹಾಳೆ ಕಾಂಡಕ್ಕೆ ತಗುಲದಂತೆ ಮಾಡಿದರೆ ಈ ಸಾವು ನಿಲ್ಲುತ್ತದೆ. ನಾಟಿ ಸಂಜೆ ನಾಲ್ಕರ ನಂತರ. ಡ್ರಿಪ್ ಬಿಡುವುದು ಬೆಳಗಿನ ಎಂಟು ಒಂಬತ್ತರೊಳಗೆ, ಏಕೆಂದರೆ ಮಧ್ಯಾಹ್ನ ಕಪ್ಪು ಪೈಪಿನೊಳಗೆ ನಿಂತ ನೀರು ಮುಟ್ಟಲಾಗದಷ್ಟು ಬಿಸಿಯಿರುತ್ತದೆ, ಆ ಮೊದಲ ಹನಿಗಳೇ ಬೇರಿಗೆ ಬೀಳುತ್ತವೆ.

ಇನ್ನು ಬಿಳಿನೊಣ. ಬಿಸಿ ಒಣಹವೆಯಲ್ಲಿ ಅದಕ್ಕೆ ಮೂರು ವಾರಕ್ಕೊಂದು ತಲೆಮಾರು. ಅದು ಹೊತ್ತು ತರುವ ವೈರಸ್ಸಿನ ಎಲೆ ಮುಟುರು ರೋಗ ನಾಟಿಯಾದ ಮೊದಲ 30 ದಿನದೊಳಗೆ ತಗುಲಿದರೆ ಆ ಗಿಡದಿಂದ ಏನೂ ಸಿಗುವುದಿಲ್ಲ, 50 ದಿನ ಕಳೆದು ತಗುಲಿದರೆ ಒಂದಷ್ಟು ಬಾಕ್ಸು ಸಿಕ್ಕೀತು. ಆದ್ದರಿಂದ ಹೋರಾಟವೆಲ್ಲ ನರ್ಸರಿಯಲ್ಲೇ: ಬಿಳಿನೊಣ ನುಸುಳದ 40–50 ಮೆಷ್ (ಇಂಚಿಗೆ ಅಷ್ಟು ಕಣ್ಣು) ಬಲೆಯೊಳಗೆ ಬೆಳೆದ 25 ದಿನದ ಸಸಿ, ನಾಟಿಗೆ ಮೂರು ನಾಲ್ಕು ವಾರ ಮುಂಚೆಯೇ ಹೊಲದ ಅಂಚಿಗೆ ನೊಣದ ತಡೆಯಾಗಿ ಎರಡು ಮೂರು ಸಾಲು ಮುಸುಕಿನ ಜೋಳ ಅಥವಾ ಬಿಳಿಜೋಳ, ಮೊದಲ ತಿಂಗಳು ಮುಟುರಿದ ಗಿಡ ಕಂಡ ಕೂಡಲೇ ಕಿತ್ತು ಹೂಳುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ರೋಗದ ಜೊತೆಗೆ ದುಂಡಾಣು ಸೊರಗು ರೋಗ, ಎಲೆಚುಕ್ಕೆ ಅಂಗಮಾರಿಯ ನಿರೋಧಕ ಶಕ್ತಿಯೂ ಇದೆ. ಮುಟುರಿದ ಮೇಲೆ ಹೊಡೆಯುವ ಯಾವ ಔಷಧಿಯೂ ವೈರಸ್ಸನ್ನು ತೆಗೆಯುವುದಿಲ್ಲ. ಅಂಗಡಿಯವರು ಒಪ್ಪದ ಮಾತು ಇದು.

2023ರ ಜುಲೈ ಎಲ್ಲರಿಗೂ ನೆನಪಿದೆ. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ದೇಶದ ಚಿಲ್ಲರೆ ಹಣದುಬ್ಬರ ಆ ತಿಂಗಳು ಶೇ 7.44, ಆಹಾರದ್ದು ಶೇ 11.51. ಕೇಂದ್ರ ಸರ್ಕಾರ ಗ್ರಾಹಕ ಸಹಕಾರ ಒಕ್ಕೂಟವಾದ ಎನ್‌ಸಿಸಿಎಫ್ ಮೂಲಕ ಕೋಲಾರ, ಆಂಧ್ರದ ಮದನಪಲ್ಲಿ, ಮಹಾರಾಷ್ಟ್ರದ ನಾರಾಯಣಗಾಂವ್‌ಗಳಿಂದ ಟೊಮೆಟೊ ಕೊಂಡು ದಿಲ್ಲಿಯಲ್ಲಿ ವ್ಯಾನಿನಲ್ಲಿ ಮಾರಿತು, ಕೆ.ಜಿ.ಗೆ 90ರಿಂದ ಶುರುಮಾಡಿ ಇಳಿಸುತ್ತಾ ಬಂತು. ಅದಕ್ಕೆ ಮೂರು ನಾಲ್ಕು ತಿಂಗಳ ಹಿಂದೆ, ಬೇಸಿಗೆಯಲ್ಲಿ, ಇದೇ ಟೊಮೆಟೊಗೆ ಕೀಳುವ ಕೂಲಿಯೂ ಹುಟ್ಟದೆ ರೈತರು ಬೆಳೆ ಬಿಟ್ಟಿದ್ದರು. ಬಿಟ್ಟ ಹೊಲಗಳಲ್ಲಿ ಬಿಳಿನೊಣ ಮರಿ ಮಾಡಿ ಪಕ್ಕದ ಹೊಸ ನಾಟಿಗೆ ಹಾರಿತು. ಜುಲೈ ದರ ನೋಡಿ ಎಲ್ಲರೂ ನಾಟಿ ಮಾಡಿದರು, ಸೆಪ್ಟೆಂಬರಿನಲ್ಲಿ ಮತ್ತೆ ರಸ್ತೆ ಬದಿಗೆ ಸುರಿದರು. ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದರ ಪ್ರಕಾರ ಗ್ರಾಹಕ ಟೊಮೆಟೊಗೆ ಕೊಡುವ ರೂಪಾಯಿಯಲ್ಲಿ ಬೆಳೆದವನಿಗೆ ಸೇರುವುದು ಸುಮಾರು 33 ಪೈಸೆ. ಬೆಲೆ ಏರಿದಾಗ ‘ರೈತ ಕೋಟ್ಯಧಿಪತಿ’ ಎಂಬ ಶೀರ್ಷಿಕೆ ಹಾಕುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಈ ಏರಿಳಿತ ಮೊದಲೇ ತಿಳಿಯುವ ಜಾಗ ಮಂಡಿಯಲ್ಲ, ನರ್ಸರಿ. 98 ಕುಳಿಯ ಟ್ರೇಯಲ್ಲಿ ಬೆಳೆದ ಸಸಿ ಏಪ್ರಿಲ್ ಎರಡನೇ ವಾರ ಮಾರಾಟವಾದರೆ ಮೊದಲ ಕೊಯ್ಲು 60–65 ದಿನಕ್ಕೆ, ಅಂದರೆ ಜೂನ್ ಮಧ್ಯಕ್ಕೆ. ಅಲ್ಲಿಂದ ಒಂದೂವರೆ ತಿಂಗಳು ಕೀಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ನರ್ಸರಿಗಳಿಂದ ಆ ತಿಂಗಳು ಎಷ್ಟು ಟೊಮೆಟೊ ಸಸಿ ಹೊರಹೋಯಿತು ಎಂಬ ಲೆಕ್ಕವೇ ಜುಲೈ ಪೂರೈಕೆಯ ಲೆಕ್ಕ. ನರ್ಸರಿಯವರ ಬಿಲ್ ಪುಸ್ತಕದಲ್ಲಿ ಅದು ಇದ್ದೇ ಇರುತ್ತದೆ. ತೋಟಗಾರಿಕೆ ಇಲಾಖೆ ವಾರಕ್ಕೊಮ್ಮೆ ಅದನ್ನು ಕೂಡಿಸಿ ಪ್ರಕಟಿಸಿದರೆ, ಸಸಿ ಕಡಿಮೆ ಹೋದ ವರ್ಷ ರೈತ ಧೈರ್ಯವಾಗಿ ನಾಟಿ ಮಾಡಿಯಾನು, ಹೆಚ್ಚು ಹೋದ ವರ್ಷ ಕೈ ಹಿಡಿದಾನು. ಉಪಗ್ರಹ ಚಿತ್ರ ಬೇಡ, ಹೊಸ ಆ್ಯಪ್ ಬೇಡ.

ಉಳಿದ ತರಕಾರಿಗಳಲ್ಲಿ ಸೆಕೆಗೂ ದರ ಏರಿಕೆಗೂ ನಡುವಿನ ತಡ ಇನ್ನೂ ಕಡಿಮೆ. ಬೀನ್ಸ್‌ಗೆ 16ರಿಂದ 24 ಡಿಗ್ರಿ ಹಿತ, 30 ದಾಟಿದರೆ ಹೂವು ಉದುರುತ್ತದೆ. ಬಿತ್ತಿದ 45–50 ದಿನಕ್ಕೆ ಕೊಯ್ಲಾಗುವ ಬೆಳೆಯಾದ್ದರಿಂದ ಸೆಕೆ ಬಿದ್ದ ಹದಿನೈದು ದಿನದಲ್ಲೇ ದರ ಜಿಗಿಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕೆ.ಜಿ.ಗೆ 200 ರೂಪಾಯಿ ಮುಟ್ಟಿದ್ದು ಹೀಗೆ. ಹಿಂದಿನ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು, 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲೇ 38.5 ಡಿಗ್ರಿ ದಾಖಲಾಗಿತ್ತು. ಕೊತ್ತಂಬರಿ ಬಿಸಿಗೆ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ಕಟ್ಟು ಸಣ್ಣದಾಗುತ್ತದೆ, ದರ ಅದೇ ಇರುತ್ತದೆ. ಅಂಥ ವಾರಗಳಲ್ಲಿ ಬೀನ್ಸ್ ಪಲ್ಯವೇ ಬೇಕೆಂದು ಹಟ ಹಿಡಿಯುವ ಬದಲು ಅಲಸಂದೆ, ಹೀರೆ, ಬೆಂಡೆ, ದಂಟು, ಬಸಳೆ ತಂದರೆ ಜೇಬಿಗೂ ಹಗುರ. ಇವು ಸೆಕೆಯನ್ನೇ ಉಂಡು ಬೆಳೆಯುವ ಜಾತಿ. ಮಲ್ಲಿಗೆಯೂ ಹಾಗೆಯೇ. ಬಿಸಿಲೇರಿದಷ್ಟೂ ಮೊಗ್ಗು ಹೆಚ್ಚು.

ತೆಂಗಿನ ವಿಷಯಕ್ಕೆ ಬಂದರೆ ತಡದ ಲೆಕ್ಕ ತಿಂಗಳಲ್ಲಿ ಅಲ್ಲ, ವರ್ಷದಲ್ಲಿ. ಮರ ತಿಂಗಳಿಗೆ ಸುಮಾರು ಒಂದರಂತೆ ಹೊಂಬಾಳೆ ಬಿಡುತ್ತದೆ. ಬಿಚ್ಚಿದ ಹೊಂಬಾಳೆ ಬಲಿತ ಕಾಯಿಯಾಗಲು 11–12 ತಿಂಗಳು ಬೇಕು. ಆ ಹೊಂಬಾಳೆ ಮರದ ಸುಳಿಯೊಳಗೆ ಮೊಳಕೆಯಾಗಿ ಹುಟ್ಟಿದ್ದು ಬಿಚ್ಚುವುದಕ್ಕೂ ಸುಮಾರು 32 ತಿಂಗಳು ಮುಂಚೆ. ಒಟ್ಟು 44 ತಿಂಗಳ ಪಯಣ. ನಡುವೆ ಬಿದ್ದ ಒಂದು ಕೆಟ್ಟ ಬೇಸಿಗೆ ಮೊದಲು ಹರಳು (ಎಳೆಗಾಯಿ) ಉದುರಿಸುತ್ತದೆ, ಮರುವರ್ಷ ಕಾಯಿಯ ಗಾತ್ರ ಕುಗ್ಗಿಸುತ್ತದೆ, ಅದರ ಮರುವರ್ಷ ಹೊಂಬಾಳೆಯಲ್ಲೇ ಹೆಣ್ಣು ಹೂವು ಕಡಿಮೆ ಮಾಡುತ್ತದೆ. 2024ರ ಆರಂಭದಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 12,000 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿತ್ತು, ಸಹಕಾರ ಸಂಸ್ಥೆ ನಫೆಡ್‌ನ ಖರೀದಿಗೆ ರೈತರು ಸಾಲು ನಿಂತಿದ್ದರು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ 20,000 ದಾಟಿತು, ಅಡುಗೆಮನೆಯ ತೆಂಗಿನಕಾಯಿ ಮತ್ತು ಎಣ್ಣೆ ಎರಡೂ ಗಗನಕ್ಕೇರಿದವು. ಬಿಸಿಲೊಂದೇ ಕಾರಣವಲ್ಲ. ತೆಂಗಿನ ಗರಿಯ ರಸ ಹೀರುವ ರುಗೋಸ್ ಬಿಳಿನೊಣ ಇತ್ತು, ಎಳನೀರಿಗೆಂದು ಕೊಯ್ದ ಕಾಯಿ ಕೊಬ್ಬರಿಗೆ ಉಳಿಯಲಿಲ್ಲ. ಆದರೂ 2023ರ ಮಳೆ ಕೊರತೆ, 2024ರ ಬೇಸಿಗೆ ಈ ಎರಡನ್ನೂ ಬಿಟ್ಟು ಈ ದರವನ್ನು ವಿವರಿಸಲಾಗದು.

ತೆಂಗಿಗೆ ಬೇಸಿಗೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ, ತಡವಾಗಿ ಮಾಡಿದರೆ ಪ್ರಯೋಜನವಿಲ್ಲ ಅಷ್ಟೆ. ನೀರಿದ್ದರೆ ಬುಡದಿಂದ ಆರು ಅಡಿ ದೂರದವರೆಗಿನ ಪಾತಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್. ಡ್ರಿಪ್ಪಾದರೆ ನಾಲ್ಕು ಕಡೆ ಹನಿ ಬೀಳಬೇಕು. ಬುಡಕ್ಕೆ ಒಂದೇ ಪೈಪು ಸುತ್ತಿದರೆ ಬೇರಿಲ್ಲದ ಜಾಗ ನೆನೆಯುತ್ತದೆ. ಕಾಯಿ ಸುಲಿದ ಮಟ್ಟೆಯನ್ನು ಒಳಗುಳಿ ಮೇಲಾಗಿ ಪಾತಿಯಲ್ಲಿ ಸಾಲಾಗಿ ಜೋಡಿಸಿ ಮೇಲೆ ತೆಳ್ಳಗೆ ಮಣ್ಣು ಹರಡಿದರೆ ಅದು ನೀರು ಹಿಡಿಯುವ ಬಟ್ಟಲಾಗುತ್ತದೆ. ಇದನ್ನು ಮಳೆಗಾಲ ಮುಗಿಯುವಾಗ ಮಾಡಬೇಕು, ಒಣನೆಲಕ್ಕೆ ಒಣಮಟ್ಟೆ ಹೂತರೆ ಇದ್ದ ತೇವವನ್ನೂ ಅದೇ ಕುಡಿಯುತ್ತದೆ. ನೀರಿಲ್ಲದೆ ಗೊಬ್ಬರ ಹಾಕಬಾರದು. ಹಸಿ ಗರಿ ಕಡಿಯಬಾರದು, ಪ್ರತಿ ಗರಿಯ ಕಂಕುಳಲ್ಲೂ ಒಂದು ಹೊಂಬಾಳೆಯಿದೆ. ಗರಿಯ ಅಡಿಭಾಗ ಒಣಗಿ ಸುಟ್ಟಂತೆ ಕಂಡರೆ ಬಿಸಿಲೆಂದು ಸುಮ್ಮನಿರದೆ ಗರಿ ತಿರುಗಿಸಿ ನೋಡಬೇಕು: ಹಿಕ್ಕೆ ಬೆರೆತ ಬಲೆಯಿದ್ದರೆ ಅದು ಕಪ್ಪುತಲೆ ಹುಳು, ಒಣಹವೆಯಲ್ಲಿ ಹಬ್ಬುವ ಕೀಟ. ಹೆಚ್ಚು ಬಾಧಿತ ಹೊರಗರಿಗಳನ್ನು ಮಾತ್ರ ಕಡಿದು ಸುಟ್ಟು, ಈ ಹುಳುವನ್ನು ಕೊಲ್ಲುವ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ಮರಕ್ಕೆ 10ರಿಂದ 20ರಂತೆ ಬಿಡುತ್ತಾರೆ. ಇದು ಊರಿಗೆ ಊರೇ ಸೇರಿ ಮಾಡಬೇಕಾದ ಕೆಲಸ, ಒಬ್ಬರ ತೋಟದಲ್ಲಿ ಬಿಟ್ಟು ಪಕ್ಕದವರದ್ದು ಹಾಗೇ ಉಳಿದರೆ ವ್ಯರ್ಥ.

ಅಡಿಕೆಗೆ ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಎಂಬುದು ಶಿಫಾರಸು. ನೈರುತ್ಯದ ಇಳಿಬಿಸಿಲು ನೇರ ಬಡಿಯುವ ಅಂಚಿನ ಮರಗಳ ಕಾಂಡಕ್ಕೆ ಹಾಳೆ ಕಟ್ಟುವುದು ಅಥವಾ ಸುಣ್ಣ ಬಳಿಯುವುದು ಹಳೆಯ ಪದ್ಧತಿ. ಇದನ್ನು ಬಿಟ್ಟ ತೋಟಗಳಲ್ಲಿ ಕಾಂಡ ಸುಟ್ಟು ಸೀಳಿ, ಮುಂದೆ ಗಾಳಿಗೆ ಅಲ್ಲೇ ಮುರಿಯುತ್ತದೆ. ಕಾಫಿಗೆ ಫೆಬ್ರುವರಿ–ಮಾರ್ಚ್‌ನಲ್ಲಿ ಒಂದರಿಂದ ಒಂದೂವರೆ ಇಂಚು ಹೂಮಳೆ ಬೇಕು, ಆಮೇಲೆ ಹದಿನೈದಿಪ್ಪತ್ತು ದಿನದೊಳಗೆ ಕಾಯಿ ಹಿಡಿಸುವ ಮತ್ತೊಂದು ಮಳೆ. ಅರ್ಧ ಇಂಚು ಬಂದು ನಿಂತರೆ ಏನೂ ಬಾರದಿದ್ದುದಕ್ಕಿಂತ ಕಷ್ಟ. ಮೊಗ್ಗು ಎಚ್ಚರಗೊಂಡು ಅರಳಲಾಗದೆ ಕರಕಲಾಗುತ್ತದೆ.

ಹಾಲು, ಮೊಟ್ಟೆಯ ಮಾತು ಚಿಕ್ಕದಾಗಿ ಹೇಳಿಬಿಡಬಹುದು. ಕೋಳಿಗೆ ಬೆವರುಗ್ರಂಥಿಯಿಲ್ಲ, ಅದು ಬಾಯಿ ತೆರೆದು ಏದುಸಿರು ಬಿಟ್ಟೇ ತಂಪಾಗಬೇಕು. ಹಾಗೆ ಉಸಿರಾಡಿದಾಗ ರಕ್ತದ ಇಂಗಾಲಾಮ್ಲ ಹೊರಹೋಗಿ ಚಿಪ್ಪು ಕಟ್ಟುವ ಸಾಮಗ್ರಿ ಕಡಿಮೆಯಾಗುತ್ತದೆ, ಮೇ ತಿಂಗಳ ಮೊಟ್ಟೆ ಕೈಯಲ್ಲೇ ಬಿರಿಯುವುದು ಅದಕ್ಕೇ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಹಾಲು ಕಡಿಮೆ ಮಾಡುವುದು ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ. ಗೊತ್ತಾಗದ್ದು ಬೆದೆ. ಸೆಕೆಯಲ್ಲಿ ಬೆದೆಯ ಲಕ್ಷಣ ಮಂಕಾಗಿ, ಇನ್‌ಸೆಮಿನೇಷನ್ ತಪ್ಪಿ, ಒಂಬತ್ತು ಹತ್ತು ತಿಂಗಳು ಕಳೆದು ಕರು ಹಾಕಬೇಕಿದ್ದ ಹಸು ಬರಿದೇ ನಿಂತಿರುತ್ತದೆ. ಒಣಮೇವನ್ನು ನಸುಕಿಗೂ ರಾತ್ರಿಗೂ ಹಾಕಬೇಕು, ನಡುಹಗಲು ಹಾಕಿದರೆ ಹೊಟ್ಟೆಯೊಳಗಿನ ಹುಳಿತವೇ ಇನ್ನೊಂದು ಒಲೆ. ಕೊಟ್ಟಿಗೆಗೆ ಒದ್ದೆ ಗೋಣಿ ಕಟ್ಟುವವರು ಗಾಳಿಯಾಡಲು ಎದುರು ಬದಿ ಬಿಡಲೇಬೇಕು, ಇಲ್ಲದಿದ್ದರೆ ತೇವ ಸೇರಿ ಸೆಕೆ ಇಮ್ಮಡಿ.

‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’ ಎಂಬ ಮಾತಿದೆ. ಏಪ್ರಿಲ್ ಕೊನೆಯ ಈ ಮಳೆ ಹದವಾಗಿ ಬಂದರೆ ಹಾಗೆಯೇ ಸರಿ. ಈಗ ಅದು ಬರುವುದು ಬಿರುಗಾಳಿ, ಆಲಿಕಲ್ಲು ಹೊತ್ತು. ವಿಜಯಪುರದ ಕಡೆ ಮಣೂಕ (ಒಣದ್ರಾಕ್ಷಿ) ಮಾಡುವವರು ದ್ರಾಕ್ಷಿಯನ್ನು 100 ಲೀಟರ್ ನೀರಿಗೆ ಎರಡೂವರೆ ಕೆ.ಜಿ. ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಅದ್ದಿ ಚಪ್ಪರದ ಕೆಳಗೆ ಹನ್ನೆರಡು ಹದಿನೈದು ದಿನ ಒಣಗಿಸುತ್ತಾರೆ. ಆ ಹದಿನೈದು ದಿನದೊಳಗೆ ಒಂದು ಅಡ್ಡಮಳೆ ಬಿದ್ದರೆ ಹಸಿರು ಮಣೂಕ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಆಲಿಕಲ್ಲು ಬಡಿದ ಮಾವು ಅಂದು ಚೆನ್ನಾಗಿಯೇ ಕಾಣುತ್ತದೆ, ಮೂರನೇ ದಿನ ಕಪ್ಪು ಮಚ್ಚೆ ಮೂಡಿ ತಿನ್ನುವ ಹಣ್ಣಿನ ದರದಿಂದ ಜ್ಯೂಸ್ ದರಕ್ಕೆ ಬೀಳುತ್ತದೆ. ಫಸಲ್ ಬಿಮಾ ಯೋಜನೆಯಡಿ ಬೆಳೆ ನೋಂದಾಯಿಸಿದವರು ಆಲಿಕಲ್ಲಿನಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಹಾನಿ ಪೂರ್ತಿ ಕಾಣುವವರೆಗೆ ಕಾಯುತ್ತಾ ಕೂತರೆ ಗಡುವು ಮುಗಿಯುತ್ತದೆ, ಆದ್ದರಿಂದ ಬಿದ್ದ ದಿನವೇ ಫೋಟೊ ತೆಗೆದು ದೂರು ಕೊಡುವುದು ಒಳಿತು. ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ಸಾಮಾನ್ಯವಾಗಿ ಮಾಪನ ಕೇಂದ್ರದ ಅಂಕಿಯ ಮೇಲೆಯೇ ನಿಂತಿರುತ್ತದೆ. ರೈತನ ವಂತಿಗೆ ವಿಮಾ ಮೊತ್ತದ ಗರಿಷ್ಠ ಶೇ 5. ವಂತಿಗೆ ಕಟ್ಟುವ ಮೊದಲು ಯಾವ ತಿಂಗಳ ಯಾವ ಅಳತೆಗೆ ಎಷ್ಟು ಪರಿಹಾರ ಎಂಬ ಕೋಷ್ಟಕ ಕೇಳಿ ಓದಬೇಕು. ಅದರಲ್ಲಿ ರಾತ್ರಿಯ ಉಷ್ಣಾಂಶವನ್ನೂ ತಾಪದ ಅಳತೆಯಾಗಿ ಸೇರಿಸಿ ಎಂಬುದು ಕೃಷಿ ವಿಜ್ಞಾನ ಬಲ್ಲವರು ಒತ್ತಾಯಿಸಬೇಕಾದ ವಿಷಯ.

ಕೃಷಿಹೊಂಡದ ಬಗ್ಗೆ ಒಂದು ಲೆಕ್ಕ. 21 ಮೀಟರ್ ಉದ್ದ ಅಗಲ, 3 ಮೀಟರ್ ಆಳದ ಹೊಂಡ ಇಳಿಜಾರು ಕಳೆದು 8ರಿಂದ 10 ಲಕ್ಷ ಲೀಟರ್ ಹಿಡಿಯುತ್ತದೆ. ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ 7 ಮಿ.ಮೀ.ನಷ್ಟು ಆವಿಯಾದರೆ ತುಂಬಿದ ಹೊಂಡದಿಂದ ನಿತ್ಯ 3,000 ಲೀಟರ್ ಹೋಯಿತು. ಮೂರು ತಿಂಗಳಿಗೆ ಎರಡು ಲಕ್ಷಕ್ಕೂ ಹೆಚ್ಚು. ತಳಕ್ಕೆ ಪ್ಲಾಸ್ಟಿಕ್ ಹಾಸಲು ಖರ್ಚು ಮಾಡಿದವರು ಮೇಲೆ ನೆರಳುಬಲೆ ಎಳೆಯುವುದನ್ನು ಮರೆಯುತ್ತಾರೆ.

ಇನ್ನು ಪೇಟೆಯವರ ತಾರಸಿ ತೋಟ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದಿತು, ಅನೇಕರ ಕುಂಡಗಳು ಆ ವರ್ಷ ಒಣಗಿದವು. ಆದರೆ ತಾರಸಿಯಲ್ಲಿ ಗಿಡ ಸಾಯುವುದು ನೀರಿಲ್ಲದೆ ಎನ್ನುವುದು ಅರ್ಧಸತ್ಯ. ಕಾಂಕ್ರೀಟು ಹಗಲಿಡೀ ಹೀರಿದ ಬಿಸಿಯನ್ನು ರಾತ್ರಿ ಹೊರಬಿಡುತ್ತದೆ, ಕಪ್ಪು ಗ್ರೋಬ್ಯಾಗು ಅದನ್ನು ಬೇರಿಗೆ ಮುಟ್ಟಿಸುತ್ತದೆ. ಬೇರು ಬೆಂದ ಗಿಡ ನೀರಿದ್ದರೂ ಬಾಡುತ್ತದೆ. ಮಧ್ಯಾಹ್ನ ಜೋತುಬಿದ್ದ ಗಿಡಕ್ಕೆ ಗಾಬರಿಯಿಂದ ನೀರು ಸುರಿಯುವ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ ನೋಡಿ. ತೇವವಿದ್ದರೆ ಸುಮ್ಮನಿರಿ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬಿಸಿಮಣ್ಣಿಗೆ ಮತ್ತೆ ನೀರು ಹಾಕಿದರೆ ಬೇರು ಕೊಳೆಯುತ್ತದೆ.

ಕುಂಡಗಳನ್ನು ಎರಡು ಇಟ್ಟಿಗೆ ಮೇಲೆತ್ತಿ ಕೆಳಗೆ ಗಾಳಿ ಬಿಡಿ, ಒತ್ತೊತ್ತಾಗಿ ಇಡಿ, ಪಶ್ಚಿಮದ ಅಂಚಿಗೆ ಖಾಲಿ ಕುಂಡ ಅಥವಾ ಗೋಣಿ ಮರೆ ಇರಲಿ. ಶೇ 50ರ ಹಸಿರು ಬಲೆ ಸೊಪ್ಪಿಗೆ, ಹೂಗಿಡಕ್ಕೆ ಸರಿ. ಕಾಯಿಪಲ್ಯಕ್ಕೆ ಶೇ 35 ಸಾಕು, ಅದಕ್ಕಿಂತ ದಟ್ಟವಾದರೆ ಬಳ್ಳಿ ಉದ್ದ ಬೆಳೆಯುತ್ತದೆಯೇ ಹೊರತು ಕಾಯಿ ಬಿಡುವುದಿಲ್ಲ. ಬಲೆ ಗಿಡದ ತಲೆಗಿಂತ ನಾಲ್ಕೈದು ಅಡಿ ಎತ್ತರದಲ್ಲಿರಬೇಕು. ಮಣ್ಣಿನ ಮೇಲೆ ಎರಡು ಇಂಚು ಒಣಎಲೆ ಅಥವಾ ತೆಂಗಿನ ನಾರು. ಕೊಕೊಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಡುವುದಿಲ್ಲ, ಸುರಿದದ್ದೆಲ್ಲ ಕುಂಡದ ಗೋಡೆಗುಂಟ ಇಳಿದು ತಟ್ಟೆಗೆ ಬರುತ್ತದೆ, ನೋಡುವವರಿಗೆ ನೆನೆದಂತೆ ತೋರುತ್ತದೆ. ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ 20 ನಿಮಿಷ ಮುಳುಗಿಸಿಟ್ಟು ತೆಗೆಯಬೇಕು. ಊರಿಗೆ ಹೋಗುವವರು ದೊಡ್ಡ ಕುಂಡಗಳಲ್ಲಿ ಕುತ್ತಿಗೆವರೆಗೆ ಒಂದು ಮಣ್ಣಿನ ಮಡಕೆ ಹೂತು, ನೀರು ತುಂಬಿ, ಮುಚ್ಚಳ ಹಾಕಿಹೋಗಬಹುದು. ಒಳಗೆ ಬಣ್ಣ ಬಳಿದ ಮಡಕೆಯಾದರೆ ಜಿನುಗುವುದಿಲ್ಲ.

ಆರ್‌ಒ ಯಂತ್ರ ಬಿಡುವ ನೀರನ್ನು ಗಿಡಕ್ಕೆ ಹಾಕುವುದು ಈಗ ವಾಡಿಕೆ. ಬೋರ್‌ವೆಲ್ ಮನೆಗಳಲ್ಲಿ ಆ ನೀರಿನ ಲವಣ ಮೂಲ ನೀರಿಗಿಂತ ಹೆಚ್ಚು ಗಾಢವಾಗಿರುತ್ತದೆ, ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಅದೇ ಕಾರಣ. ಒಂದು ಪಾಲಿಗೆ ಮೂರು ಪಾಲು ಒಳ್ಳೆಯ ನೀರು ಬೆರೆಸಿ ಹಾಕಿ, ಹದಿನೈದು ದಿನಕ್ಕೊಮ್ಮೆ ಕುಂಡದ ತಳದಿಂದ ನೀರು ಹರಿಯುವಷ್ಟು ಸಾದಾ ನೀರು ಕೊಟ್ಟು ಉಪ್ಪು ತೊಳೆಯಿರಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿಲ್ಲ, ಅದನ್ನು ಬೆರೆಸಲು ಬಳಸಿಕೊಳ್ಳಬಹುದು. ಬಟ್ಟೆ ಒಗೆದ ಮೊದಲ ನೀರು ಬೇಡ, ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗುತ್ತದೆ. ಕೊನೆಯ ಜಾಲಾಡಿದ ನೀರು ಬಾಳೆ, ತೆಂಗಿಗೆ ಆದೀತು, ಸೊಪ್ಪಿಗಲ್ಲ.

ಬೇಸಿಗೆಯಲ್ಲಿ ಗೊಬ್ಬರದ ಕೈ ಕಟ್ಟಿಕೊಳ್ಳಿ. ಬಾಡಿದ ಗಿಡಕ್ಕೆ ಗೊಬ್ಬರ ಹಾಕುವುದು ಬಾಯಾರಿದವನಿಗೆ ಉಪ್ಪಿನಕಾಯಿ ಕೊಟ್ಟಂತೆ. ಎಲೆಯಡಿ ಪುಡಿಪುಡಿಯಾಗಿ ನುಸಿ ಕಂಡರೆ ಬೆಳಗ್ಗೆ ಎಲೆಯ ಕೆಳಮುಖಕ್ಕೆ ಜೋರಾಗಿ ನೀರು ಚಿಮ್ಮಿಸಿದರೆ ಅರ್ಧ ಹೋಗುತ್ತವೆ, ಒಣಹವೆ ಬೇಕಾದ ಜೀವಿಯದು. ಲೀಟರಿಗೆ 3–5 ಮಿ.ಲೀ. ಬೇವಿನೆಣ್ಣೆಗೆ ಸೋಪು ಕದಡಿ ಸಂಜೆ ಮಾತ್ರ ಸಿಂಪಡಿಸಿ. ಬಿಸಿಲಿಗೆ ಸಿಂಪಡಿಸಿದರೆ ಎಣ್ಣೆ ಎಲೆಯನ್ನೇ ಹುರಿಯುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು 32 ಡಿಗ್ರಿ ದಾಟಿದ ದಿನಗಳಲ್ಲಿ ಮುಟ್ಟಲೇಬೇಡಿ. ದಾಸವಾಳದ ಮೇಲಿನ ಹಿಟ್ಟು ತಿಗಣೆಗೆ ಮೊದಲು ಇರುವೆಯ ದಾರಿ ತಪ್ಪಿಸಬೇಕು, ಅವೇ ಅದನ್ನು ಹೊತ್ತು ಕೊಂಬೆಯಿಂದ ಕೊಂಬೆಗೆ ಹರಡುತ್ತವೆ. ಸೌತೆ, ಹಾಗಲ ಬರೀ ಗಂಡು ಹೂವು ಬಿಡುತ್ತಿದ್ದರೆ ಬೀಜದ ಅಂಗಡಿಯವರನ್ನು ಬೈಯಬೇಡಿ, ಸೆಕೆ ಹೆಚ್ಚಾದರೆ ಬಳ್ಳಿ ಹಾಗೆಯೇ ಮಾಡುತ್ತದೆ. ಹೆಣ್ಣು ಹೂವು ಬಂದ ದಿನ ಬೆಳಗ್ಗೆ ಒಂಬತ್ತರೊಳಗೆ ಗಂಡು ಹೂವಿನ ದಳ ಕಿತ್ತು ಅದರ ಪರಾಗವನ್ನು ನೀವೇ ಮುಟ್ಟಿಸಿ, ಬಿಸಿಲೇರಿದ ಮೇಲೆ ಜೇನು ತಾರಸಿಯ ಕಡೆ ಸುಳಿಯುವುದಿಲ್ಲ. ಕುಂಡದಡಿಯ ತಟ್ಟೆಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ, ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮಾರ್ಚ್‌ನಿಂದ ಜೂನ್‌ವರೆಗೆ ಕೃಷಿ ಪುಟದಲ್ಲಿ ಎರಡು ಸಾಲು ಜಾಗ ಕೊಡಿ. ಮೊದಲ ಸಾಲಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಹಾಸನ, ಬೆಳಗಾವಿ, ತುಮಕೂರಿನ ಹಿಂದಿನ ಏಳು ರಾತ್ರಿಗಳ ಕನಿಷ್ಠ ಉಷ್ಣಾಂಶ, ಗರಿಷ್ಠದಷ್ಟೇ ದಪ್ಪ ಅಕ್ಷರದಲ್ಲಿ. ಎರಡನೆಯದರಲ್ಲಿ ಆ ವಾರ ಅಲ್ಲಿನ ನರ್ಸರಿಗಳಿಂದ ಹೊರಟ ಟೊಮೆಟೊ ಸಸಿಯ ಸಂಖ್ಯೆ. ಇಲಾಖೆ ಕೊಡದಿದ್ದರೆ ನಿಮ್ಮ ತಾಲ್ಲೂಕು ವರದಿಗಾರರು ಹತ್ತು ನರ್ಸರಿಗೆ ಫೋನು ಮಾಡಿದರೂ ಒಂದು ಅಂದಾಜು ಸಿಗುತ್ತದೆ.

ಇಂತಿ,
ತೋಟಗಾರಿಕೆ ಬಲ್ಲ ಓದುಗರು,
ಕೋಲಾರ